ಗಾಳದ ಕೋಲು ಯಾವ ದೇಶದ್ದೆಂದು ಕೆರೆದು ನೋಡಿದವನ ಅಹವಾಲು

ಗೆ,
ಮಾನ್ಯ ಮುಖ್ಯಾಧಿಕಾರಿಗಳು,
ಗ್ರಾಹಕರ ಸಂತೃಪ್ತಿ ವಿಭಾಗ,
ಗಾಳದ ಕೋಲುಗಳ ಕಂಪನಿ.

ಮಾನ್ಯರೇ,

ತಮ್ಮ ಕುರ್ಚಿಯ ಕಾಲುಗಳೆಲ್ಲ ನೆಲಕ್ಕೆ ಸರಿಯಾಗಿ ತಾಗಿವೆಯೆಂದೂ, ತಲೆಯ ಮೇಲಿನ ಫ್ಯಾನು ಸದ್ದಿಲ್ಲದೆ ತಿರುಗುತ್ತಿದೆಯೆಂದೂ, ಚಹಾ ಬಿಸಿಯಾಗಿಯೇ ಮೇಜಿಗೆ ಬರುತ್ತಿದೆಯೆಂದೂ ಮನಸಾರೆ ನಂಬಿ, ಕನ್ನಡಕದ ಅಂಗಡಿಯ ಮಾಲೀಕನಾದ ನಾನು ಎರಡೂ ಕೈ ಜೋಡಿಸಿ ತಮಗೆ ನಮಸ್ಕರಿಸುತ್ತೇನೆ. ಈ ಪತ್ರವನ್ನು ಊರೆಲ್ಲ ಓದುವಂತೆ ಬರೆಯಬೇಕಾಗಿ ಬಂದುದಕ್ಕೆ ಕ್ಷಮೆಯಿರಲಿ. ಲಕೋಟೆಯಲ್ಲಿ ಮುಚ್ಚಿ ಕಳಿಸಿದ ಪತ್ರಗಳೆಲ್ಲ 'ಈ ವಿಳಾಸದಲ್ಲಿ ಯಾರೂ ಇಲ್ಲ' ಎಂಬ ಚೀಟಿ ಅಂಟಿಸಿಕೊಂಡು ಮರಳಿ ಬಂದವು. ಆ ಚೀಟಿಯನ್ನು ಕಿತ್ತರೆ ಕೆಳಗೆ ತಮ್ಮ ಇನ್ನೊಂದು ವಿಳಾಸ, ಅದರ ಕೆಳಗೆ ಮತ್ತೊಂದು, ಕಟ್ಟಕಡೆಗೆ ನನ್ನದೇ ಅಂಗಡಿಯ ವಿಳಾಸ ಸಿಕ್ಕಿತು. ಅಂಗಡಿಯನ್ನು ಮೂಲೆಮೂಲೆ ಹುಡುಕಿದೆ, ಗಾಜಿನ ಬೀರುವಿನ ಹಿಂದೆಯೂ ಬಗ್ಗಿ ನೋಡಿದೆ. ತಾವು ಅಲ್ಲಿರಲಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ನನ್ನ ಹೆಂಡತಿಯ ತಂದೆ, ಅಂದರೆ ನನ್ನ ಮಾವನವರು, ಬಂದರಿನಲ್ಲಿ ಕ್ರೇನು ನಡೆಸಿ ನಿವೃತ್ತರಾದವರು. ಹಡಗಿನ ಹೊಟ್ಟೆಯಿಂದ ಲಾರಿ ಗಾತ್ರದ ಪೆಟ್ಟಿಗೆಯನ್ನೆತ್ತಿ, ತೊಟ್ಟಿಲಿನಲ್ಲಿ ಮಗುವನ್ನು ಮಲಗಿಸುವಷ್ಟು ಮೆತ್ತಗೆ ಇಳಿಸುತ್ತಿದ್ದ ಬಲಗೈ ಅವರದು. ನಿವೃತ್ತಿಯಾದ ಮೇಲೆ ಅದೇ ಕೈಯಲ್ಲಿ ತಮ್ಮ ಕಂಪನಿಯ ಗಾಳದ ಕೋಲು ಹಿಡಿದು ಕೆರೆಯ ದಂಡೆಯಲ್ಲಿ ಕೂತುಬಿಟ್ಟರೆ ಊಟಕ್ಕೆ ಕರೆಯಲು ಹೋದವರು ಬೈಸಿಕೊಂಡು ಬರುತ್ತಿದ್ದರು. ಹೋದ ವರ್ಷ ಪಾರ್ಶ್ವವಾಯು ಹೊಡೆದು ಆ ಬಲಗೈ ಬಿದ್ದುಹೋಯಿತು. ವ್ಯಾಯಾಮ ಮಾಡಿಸಲು ಮನೆಗೆ ಬರುವ ಹೆಣ್ಣುಮಗಳು ರಬ್ಬರ್ ಚೆಂಡು ಕೊಟ್ಟಳು, ಸ್ಪಂಜು ಕೊಟ್ಟಳು, ಗೋಗರೆದಳು, ಗದರಿದಳು. ಅಂಗೈ ಬಿಚ್ಚಿದ್ದು ಬಿಚ್ಚಿದ ಹಾಗೇ ಇತ್ತು. ಕೊನೆಗೊಂದು ದಿನ ಬಾಗಿಲ ಹಿಂದೆ ಒರಗಿಸಿಟ್ಟಿದ್ದ ಗಾಳದ ಕೋಲನ್ನು ತಂದು ಅಂಗೈಗೆ ತಾಗಿಸಿದ್ದೇ ತಡ, ಬೆರಳುಗಳು ಒಂದೊಂದಾಗಿ ಮಡಿಚಿಕೊಂಡು ಅದನ್ನು ಹಿಡಿದವು. ನನ್ನ ಹೆಂಡತಿ ಗೋಡೆ ಹಿಡಿದುಕೊಂಡು ಅತ್ತಳು. ನಾನೂ ಅತ್ತೆ, ಆದರೆ ಕನ್ನಡಕ ಒರೆಸುವ ನೆಪದಲ್ಲಿ.

ಅಂದಿನಿಂದ ನಮ್ಮ ಹಾಲೇ ಕೆರೆಯಾಯಿತು. ಕೊಕ್ಕೆ ಬಿಚ್ಚಿ ಅದರ ಜಾಗದಲ್ಲಿ ಶರ್ಟಿನ ಗುಂಡಿ ಕಟ್ಟಿ, ಬಾಗಿಲ ಬಳಿ ಬಕೆಟ್ಟಿಟ್ಟು, ಮಾವನವರು ಸೋಫಾದ ಮೇಲಿಂದ ಗಾಳ ಎಸೆಯತೊಡಗಿದರು. ಮೊದಮೊದಲು ಗುಂಡಿ ನನ್ನ ತಲೆಗೆ ಬೀಳುತ್ತಿತ್ತು, ಆಮೇಲಾಮೇಲೆ ಬಕೆಟ್ಟಿಗೆ ಬೀಳತೊಡಗಿತು. ತಮ್ಮ ಕೋಲಿಗೆ ಆಗ ನಾನು ಮನಸ್ಸಿನಲ್ಲೇ ಕೈಮುಗಿದದ್ದುಂಟು, ಅದನ್ನು ಈಗ ಹಿಂದಕ್ಕೆ ಪಡೆಯುವುದಿಲ್ಲ.

ಅಷ್ಟರಲ್ಲಿ ನನ್ನ ಷಡ್ಡಕ ಬಂದ. ಹೆಂಡತಿಯ ಅಕ್ಕನ ಗಂಡ, ವಿಮೆಯ ಏಜೆಂಟು, ಮಾವನವರ ಕಣ್ಮಣಿ. ಅವನು ಬಂದರೆ ಮಾವನವರು "ಬನ್ನಿ ಅಳಿಯಂದಿರೇ" ಎನ್ನುತ್ತಾರೆ, ನಾನು ಬಂದರೆ "ಕನ್ನಡಕ ಬಂತಾ?" ಎಂದು ಮಗಳನ್ನು ಕೇಳುತ್ತಾರೆ. ಅವನು ಕೋಲನ್ನು ಎತ್ತಿ ಇಳಿಸಿ, ಬಗ್ಗಿಸಿ, ಮೂಸಿ ನೋಡಿ, "ಮಾವ, ಇದನ್ನ ಎಲ್ಲಿ ಮಾಡಿದ್ದು ಅಂತ ವಿಚಾರಿಸಿದ್ರಾ? ಆಟಿಕೆ ಮಾಡೋ ದೇಶದ್ದು ಇದು. ಅಲ್ಲಿಯ ಮಾಲು ಬಾಳಿಕೆ ಬರಲ್ಲ" ಎಂದುಬಿಟ್ಟ. ಮಾವನವರು ಅದು ದ್ವೀಪದ ದೇಶದ್ದೆಂದು ನಂಬಿಕೊಂಡಿದ್ದವರು. (ದೇಶಗಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಕನ್ನಡಕದ ಅಂಗಡಿಯವನಿಂದಾಗಿ ಎರಡು ಸರ್ಕಾರಗಳ ನಡುವೆ ಯುದ್ಧವಾಯಿತೆಂಬ ಅಪವಾದ ನನಗೆ ಬೇಡ.) ಅವರ ಮುಖ ಸಪ್ಪಗಾಯಿತು. ಅಂದು ಸಂಜೆ ಎಸೆದ ಗುಂಡಿ ಬಕೆಟ್ಟಿನವರೆಗೆ ಹೋಗಲಿಲ್ಲ, ಬೆರಳ ಹಿಡಿತವೂ ಸಡಿಲವಾಗಿತ್ತು. ಕೋಲು ಎಲ್ಲಿ ತಯಾರಾಯಿತೆಂಬುದು ಗುಣಮಟ್ಟದ ಮೇಲೆ ಪರಿಣಾಮ ಬೀರುತ್ತದೆಯೇ ಎಂದು ತಮ್ಮ ಗ್ರಾಹಕರು ಪದೇಪದೇ ಕೇಳುತ್ತಾರಂತಲ್ಲ, ಬೀರುತ್ತದೆ ಮಾನ್ಯರೇ. ಬರೀ ಅನುಮಾನವೇ ಬೀರುತ್ತದೆ.

ಮಾವನವರ ಮಾತೇ ಸರಿಯೆಂದು ಸಾಧಿಸಿಕೊಟ್ಟರೆ ಹಿಡಿತ ಮರಳೀತು, ನನಗೂ ಅಳಿಯನ ಪಟ್ಟ ಸಿಕ್ಕೀತು ಎಂದು ನನಗೆ ಆಸೆ ಹುಟ್ಟಿತು. ಭಾನುವಾರ ಮಧ್ಯಾಹ್ನ ಅವರು ಮಲಗಿದ ಹೊತ್ತು ನೋಡಿ, ಎಳ್ಳುಕಾಳಿನಷ್ಟು ಸ್ಕ್ರೂ ಹುಡುಕಲು ಅಂಗಡಿಯಲ್ಲಿ ಬಳಸುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಕೋಲನ್ನು ಅಡುಗೆಮನೆಯ ಮೇಜಿನ ಮೇಲೆ ಮಲಗಿಸಿದೆ. ಹಿಡಿಯ ಮೇಲೆ ದ್ವೀಪದ ದೇಶದ ಹೆಸರಿದ್ದ ಸ್ಟಿಕ್ಕರ್ ಥಳಥಳ ಹೊಳೆಯುತ್ತಿತ್ತು. ಮಾವನವರು ಗೆದ್ದಿದ್ದರು, ಅಲ್ಲಿಗೇ ಎದ್ದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಸ್ಟಿಕ್ಕರಿನ ಒಂದು ಮೂಲೆ ಕೂದಲೆಳೆಯಷ್ಟು ಎದ್ದಿತ್ತು. ಮಾನ್ಯರೇ, ತಮಗೂ ಉಗುರುಗಳಿರಬಹುದು. ಎದ್ದ ಮೂಲೆಯನ್ನು ಕಂಡೂ ಸುಮ್ಮನಿರಬಲ್ಲ ಉಗುರನ್ನು ತಾವೆಲ್ಲಾದರೂ ನೋಡಿದ್ದರೆ ದಯವಿಟ್ಟು ಅದರ ವಿಳಾಸ ತಿಳಿಸಿ.

ಎಳೆದೆ. ಹಿಡಿಯಷ್ಟೇ ಅಗಲವೆಂದುಕೊಂಡದ್ದು ಎಳೆದಂತೆಲ್ಲ ಬಂತು, ಕೋಲಿನ ತುದಿಯವರೆಗೂ ಸುತ್ತಿಕೊಂಡಿತ್ತು. ಅದರ ಕೆಳಗೆ ಆಟಿಕೆಯ ದೇಶದ ಸ್ಟಿಕ್ಕರ್. ಷಡ್ಡಕ ಗೆದ್ದನಲ್ಲ ಎಂದು ಹೊಟ್ಟೆ ಉರಿದು ಅದನ್ನೂ ಎಳೆದೆ. ಅದರ ಕೆಳಗೆ ಗಡಿಯಾರದ ದೇಶ, ಅದರಡಿಗೆ ವರ್ಷವಿಡೀ ಹಿಮ ಬೀಳುವ ದೇಶ, ಮತ್ತೆ ಅದರಡಿಗೆ ಸಮುದ್ರವೇ ಇಲ್ಲದ, ಮೀನನ್ನು ಡಬ್ಬಿಯಲ್ಲಷ್ಟೇ ಕಂಡಿರುವ ಒಂದು ದೇಶ! ಈಗ ಅಸಲಿ ದೇಶ ಸಿಕ್ಕೀತು, ಇನ್ನೊಂದೇ ಪದರ ಎಂದು ಕೆರೆಯುತ್ತಲೇ ಹೋದೆ. "ಒಳಗೇನ್ರೀ ಕರಕರ ಸದ್ದು?" ಎಂದು ಹೆಂಡತಿ ಕೂಗಿದಳು. "ಸಂಶೋಧನೆ" ಎಂದೆ. ಕೋಲು ತೆಳ್ಳಗಾಗುತ್ತ ಪೊರಕೆ ಕಡ್ಡಿಯಾಯಿತು, ಕಡ್ಡಿ ಬೆಂಕಿಕಡ್ಡಿಯಾಯಿತು, ದಾರ ಹಾಯುವ ಉಂಗುರಗಳು ಟಣಟಣ ಎಂದು ತಟ್ಟೆಗೆ ಉದುರಿದವು. ಕೊನೆಗೆ ಮೇಜಿನ ಮೇಲೆ ಉಳಿದದ್ದು ರೀಲು, ದೇಶಗಳದೊಂದು ಗುಡ್ಡೆ, ಮತ್ತು ಉಗುರಿನಷ್ಟು ಚಿಕ್ಕದಾದ ಒಂದೇ ಒಂದು ಸ್ಟಿಕ್ಕರ್. ಅದರಲ್ಲಿ ಯಾವ ದೇಶದ ಹೆಸರೂ ಇರಲಿಲ್ಲ. 'ಪರೀಕ್ಷೆಯಲ್ಲಿ ಪಾಸ್' ಎಂದಿತ್ತು.

ತಮ್ಮ ಕೋಲಿನೊಳಗೆ ಕೋಲೇ ಇರಲಿಲ್ಲ, ಮಾನ್ಯರೇ. ಸ್ಟಿಕ್ಕರ್ ಮೇಲೆ ಸ್ಟಿಕ್ಕರ್ ಸುತ್ತಿದ್ದೇ ಕೋಲಾಗಿತ್ತು. ಇದನ್ನು ನಾನು ಮೋಸವೆಂದು ಕರೆಯುವಷ್ಟು ಸಣ್ಣವನಲ್ಲ. ಇಷ್ಟೊಂದು ದೇಶಗಳು ಜಗಳವಿಲ್ಲದೆ ಒಂದನ್ನೊಂದು ತಬ್ಬಿಕೊಂಡು, ಹತ್ತಾರು ವರ್ಷ ಒಬ್ಬ ಹಿರಿಯರ ಕೈಯಲ್ಲಿ ಬಾಳಿದ್ದು ಎಷ್ಟು ದೊಡ್ಡ ಸಾಧನೆಯೆಂದರೆ, ತಮಗೆ ಗ್ರಾಹಕರ ವಿಭಾಗದ ಬದಲು ವಿದೇಶಾಂಗ ಖಾತೆಯನ್ನೇ ವಹಿಸಬೇಕಿತ್ತೆಂದು ನನ್ನ ನಮ್ರ ಅಭಿಪ್ರಾಯ.

ಎಚ್ಚರಗೊಂಡ ಮಾವನವರಿಗೆ ಎಲ್ಲವನ್ನೂ ತಟ್ಟೆಯಲ್ಲಿ ಜೋಡಿಸಿಕೊಂಡು ಹೋಗಿ ತೋರಿಸಿದೆ. ಅವರು ಬೈಯಲಿಲ್ಲ. ಎಡಗೈಯಿಂದ ಆ ಚಿಕ್ಕ ಸ್ಟಿಕ್ಕರನ್ನೆತ್ತಿ ತಮ್ಮ ಕನ್ನಡಕದ ಡಬ್ಬಿಯೊಳಗೆ ಹಾಕಿ ಟಪ್ಪೆಂದು ಮುಚ್ಚಿ, ಗೋಡೆಯ ಕಡೆ ತಿರುಗಿ ಮಲಗಿದರು. ಬಲಗೈ ಹಾಸಿಗೆಯ ಮೇಲೆ ಮೊದಲಿನಂತೆ ಬಿಚ್ಚಿಕೊಂಡು ಬಿದ್ದಿತ್ತು. ಹೆಂಡತಿ, "ಅಪ್ಪನ ಕೈ ಮುಚ್ಚೋ ತನಕ ನಾನು ನಿಮ್ಮ ಹತ್ರ ಬಾಯಿ ತೆರೆಯಲ್ಲ, ತಿಳ್ಕೊಳ್ಳಿ" ಎಂದಳು. ಆಮೇಲೆ ಬಾಯಿ ತೆರೆದದ್ದು ಬೈಯಲು ಮಾತ್ರ.

ತಮ್ಮ ಕಚೇರಿಗೆ ಫೋನು ಮಾಡಿದೆ. ಜೇನಿನಂಥ ದನಿಯ ಹೆಣ್ಣುಮಗಳು, "ಸರ್, ಸ್ಟಿಕ್ಕರ್ ಕಿತ್ರೆ ವಾರಂಟಿ ಹೋಗುತ್ತೆ ಸರ್" ಎಂದಳು. "ವಾರಂಟಿ ಇರಲಿ ತಾಯಿ, ಕೋಲೇ ಹೋಯ್ತು" ಎಂದೆ. "ಹಾಗಾದ್ರೆ ಒಳ್ಳೇದಾಯ್ತಲ್ಲ ಸರ್, ವಾರಂಟಿ ಬೇಕಾಗೋದೇ ಇಲ್ಲ" ಎಂದಳು. ಆಕೆಗೆ ದಯವಿಟ್ಟು ಬಡ್ತಿ ಕೊಡಿ, ನನ್ನ ಜನ್ಮದಲ್ಲಿ ಇಷ್ಟು ಚೊಕ್ಕವಾಗಿ ನನ್ನ ಬಾಯಿ ಮುಚ್ಚಿಸಿದವರಿಲ್ಲ.

ಷಡ್ಡಕ ಸುಮ್ಮನಿದ್ದಾನೆಯೇ? ಬೆರಕೆಯಿಲ್ಲದ, ಒಂದೊಂದೇ ದೇಶದ ಅಪ್ಪಟ ಕೋಲುಗಳನ್ನು ಕಟ್ಟಿ ತಂದ. ಯಾವುದನ್ನು ಅಂಗೈಗಿಟ್ಟರೂ ಬೆರಳು ಮಿಸುಕಲಿಲ್ಲ. ಗಡಿಯಾರದ ದೇಶದ್ದು ಗಂಟೆ ಹೊಡೆದ ಕೂಡಲೇ ನೆಲಕ್ಕೆ ಬಿತ್ತು. ಹಿಮದ ದೇಶದ್ದು ಅಂಗೈಯಿಂದ ಜಾರಿ ಮಂಚದಡಿ ಸೇರಿತು. ದ್ವೀಪದ್ದು ಮಾತ್ರ ಬೀಳುವ ಮೊದಲು ಬಾಗಿ ನಮಸ್ಕರಿಸಿ ಬಿತ್ತು. ಅವುಗಳ ಮೇಲೆ ನನಗೆ ದೂರಿಲ್ಲ, ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಕೈಗೆ ಬೇಡವಾಗಿದ್ದವು, ಅಷ್ಟೆ.

ಉಳಿದ ದಾರಿ ಒಂದೇ, ಕಿತ್ತದ್ದನ್ನು ಮತ್ತೆ ಸುತ್ತುವುದು. ಹಿಟ್ಟು ಕಲಸಿ ಅಂಟು ಕುದಿಸಿದೆ. ದೇಶಗಳ ಕ್ರಮ ನೆನಪಿರಲಿಲ್ಲವಾದ್ದರಿಂದ ಕೈಗೆ ಸಿಕ್ಕಂತೆ ಸುತ್ತಿದೆ. ಅಕ್ಕಪಕ್ಕದ ದೇಶಗಳು ಮಾತ್ರ ಏನೇ ಮಾಡಿದರೂ ಒಂದಕ್ಕೊಂದು ಅಂಟಲಿಲ್ಲ, ನಡುವೆ ದೂರದ್ದೊಂದನ್ನು ಮಧ್ಯಸ್ಥಿಕೆಗೆ ಕೂರಿಸಬೇಕಾಯಿತು. ಇಷ್ಟಾಗಿಯೂ ಕೋಲು ಮೊದಲಿನ ಅರ್ಧವೂ ಆಗಲಿಲ್ಲ, ಏಕೆಂದರೆ ಕೀಳುವಾಗ ಹರಿದದ್ದೇ ಹೆಚ್ಚು. ಆಗ ಮನೆಯ ಮೇಲೆ ದಾಳಿಯಿಟ್ಟೆ. ಜಾಮ್ ಬಾಟಲಿಯ ಚೀಟಿ, ಔಷಧಿ ಸೀಸೆಯ ಚೀಟಿ, ಕೊಡೆಯದು, ಬಕೆಟ್ಟಿನದು, ಶರ್ಟಿನ ಕಾಲರಿನದು, ಅಂಗಡಿಯ ಕನ್ನಡಕಗಳ ಗಾಜಿಗಂಟಿದ ಚುಕ್ಕೆಯಂಥವು, ಎಲ್ಲವನ್ನೂ ಸುತ್ತಿದೆ. ಉಂಗುರಗಳನ್ನೂ ರೀಲನ್ನೂ ಮತ್ತೆ ಸಿಕ್ಕಿಸಿ, ಹಿಡಿಗೆ ಕನ್ನಡಕ ಒರೆಸುವ ಮೆತ್ತನೆ ಬಟ್ಟೆ ಬಿಗಿದೆ. ಇದರಿಂದ ಮನೆಯಲ್ಲಿ ಯಾವ ಸೀಸೆಯಲ್ಲಿ ಏನಿದೆಯೆಂಬುದು ಯಾರಿಗೂ ತಿಳಿಯದಂತಾಗಿದೆ. ಹೆಂಡತಿ ತಲೆಗೆ ಕೆಮ್ಮಿನ ಔಷಧಿ ಹಚ್ಚಿಕೊಂಡಳು, ಷಡ್ಡಕ ತಲೆಗೆ ಹಚ್ಚುವ ಎಣ್ಣೆ ಕುಡಿದ. ಅವನ ಕೆಮ್ಮು ನಿಂತಿದೆ, ಆ ವಿಷಯವಾಗಿ ಎಣ್ಣೆಯ ಕಂಪನಿಗೆ ಪ್ರತ್ಯೇಕವಾಗಿ ಬರೆಯುತ್ತೇನೆ.

ಕೋಲನ್ನು ಒಯ್ದು ಮಾವನವರ ಅಂಗೈಗೆ ತಾಗಿಸಿದೆ. ಅವರು ಅದನ್ನು ಮೇಲಿಂದ ಕೆಳಗೆ ನೋಡಿದರು. ಬಾಗಿತ್ತು, ಉಬ್ಬಿತ್ತು, ನಡುವಿನಲ್ಲಿ 'ಚೆನ್ನಾಗಿ ಕುಲುಕಿ ಬಳಸಿ' ಎಂಬ ಸಾಲಿತ್ತು. ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಬಾಯಿ ಬಿಟ್ಟು, "ಇದನ್ನ ಎಲ್ಲಿ ಮಾಡಿದ್ದು?" ಎಂದು ಮಗಳನ್ನು ಕೇಳಿದರು.

"ನಮ್ಮ ಅಡುಗೆಮನೇಲಿ ಅಪ್ಪ. ನಿಮ್ಮ ಅಳಿಯ ಮಾಡಿದ್ದು."

"ಹಾಗಾದ್ರೆ ವಾರಂಟಿ ಇಲ್ಲ ಅನ್ನು" ಎಂದರು. ಎನ್ನುತ್ತಿರುವಾಗಲೇ ಕಿರುಬೆರಳು ಮಡಿಚಿಕೊಂಡಿತು. ಅದರ ಹಿಂದೆ ಉಂಗುರದ ಬೆರಳು, ಆಮೇಲೆ ಉಳಿದವು.

ಈಗ ನನ್ನ ಬೇಡಿಕೆಗಳು. ಮೊದಲನೆಯದಾಗಿ, ಮುಂದಿನ ಕೋಲುಗಳ ಮೇಲೆ 'ಕೆರೆಯಬೇಡಿ, ಒಳಗೆ ಏನೂ ಇಲ್ಲ' ಎಂದು ಸ್ಪಷ್ಟವಾಗಿ ಮುದ್ರಿಸಬೇಕು, ಸಾಧ್ಯವಾದರೆ ಸ್ಟಿಕ್ಕರಿನ ಮೇಲಲ್ಲ. ತಮ್ಮ ಕಾರ್ಖಾನೆಗಳಿರುವ ದೇಶಗಳೆಲ್ಲ ಸೇರಿ ನನ್ನ ಷಡ್ಡಕನಿಗೆ ಒಂದು ಜಂಟಿ ಪತ್ರ ಬರೆದು, ಅವನು ಯಾವುದರ ಬಗ್ಗೆಯೂ ಅಭಿಪ್ರಾಯ ಹೇಳಕೂಡದೆಂದು ನಿರ್ಬಂಧ ಹೇರಬೇಕು. ಇನ್ನು ಕೋಲು ಮಾಡುವ ತೊಂದರೆಯನ್ನು ತಾವು ಹೇಗೂ ತೆಗೆದುಕೊಳ್ಳುತ್ತಿಲ್ಲವಾದ್ದರಿಂದ, ಸ್ಟಿಕ್ಕರುಗಳನ್ನೇ ನೇರವಾಗಿ ಮಾರಿದರೆ ಸುತ್ತಿಕೊಳ್ಳುವುದನ್ನು ನಾವು ಕಲಿತಿದ್ದೇವೆ.

ಹೋದ ವಾರ ಎಲ್ಲರೂ ಕೆರೆಗೆ ಹೋಗಿದ್ದೆವು. ಗುಂಡಿ ಬಿಚ್ಚಿ ಮತ್ತೆ ಕೊಕ್ಕೆ ಕಟ್ಟಿದೆವು. ಮಾವನವರು ಎಸೆದರು, ಕಾದರು, ಕೋಲು ಕಮಾನಿನಂತೆ ಬಾಗಿತು, ಜಾಮಿನ ಚೀಟಿ ಸುರುಳಿ ಬಿಚ್ಚಿಕೊಂಡು ಗಾಳಿಗೆ ಹಾರಿತು, ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅಂಗೈಯಷ್ಟೂ ಇಲ್ಲದ ಒಂದು ಮೀನು ದಂಡೆಯ ಮೇಲೆ ಪಟಪಟ ಹೊಡೆದುಕೊಳ್ಳುತ್ತಿತ್ತು. "ಇದು ಈ ಕೆರೆಯದೇನಾ?" ಎಂದು ಷಡ್ಡಕ ಕೇಳಿದ.

ಮೀನನ್ನು ನೀರಿಗೆ ಬಿಟ್ಟ ಮೇಲೆ ಮಾವನವರು, "ಎಲ್ಲಿ ನಮ್ಮ ಕನ್ನಡಕ?" ಎಂದರು. ಅವರು ಕೇಳಿದ್ದು ಕಣ್ಣಿಗೆ ಹಾಕುವುದನ್ನೆಂದುಕೊಂಡು ಡಬ್ಬಿ ಕೊಟ್ಟೆ. ಅವರು ಕನ್ನಡಕ ತೆಗೆಯಲಿಲ್ಲ. ಬಲಗೈಯ ಎರಡು ಬೆರಳಿನಲ್ಲಿ, ಹೌದು ಮಾನ್ಯರೇ, ಬಲಗೈಯಲ್ಲಿ, ಆ ಚಿಕ್ಕ ಸ್ಟಿಕ್ಕರನ್ನು ಮೆಲ್ಲಗೆತ್ತಿ, ನನ್ನನ್ನು ಹತ್ತಿರ ಕರೆದು, ಶರ್ಟಿನ ಜೇಬಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದರು. ನೋವಾಗುವಷ್ಟು ಗಟ್ಟಿಯಾಗಿ ಒತ್ತಿದರು.

ತಮ್ಮ ಕಾರ್ಖಾನೆ ಎಲ್ಲಿಯೇ ಇರಲಿ, ಅಥವಾ ಎಲ್ಲಿಯೂ ಇಲ್ಲದಿರಲಿ, ಅದಕ್ಕೆ ಶುಭವಾಗಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ಕಿರಿಯ ಅಳಿಯ, ಕನ್ನಡಕದ ಅಂಗಡಿ

ತಾ.ಕ.: ಶರ್ಟನ್ನು ಒಗೆಯಲು ಹಾಕಿಲ್ಲ, ಹಾಕಬಾರದೆಂದು ಮನೆಯಲ್ಲಿ ಹೇಳಿದ್ದೇನೆ, ಈ ವಿಷಯದಲ್ಲಿ ಹೆಂಡತಿಯ ದೂರು ತಮಗೆ ಪ್ರತ್ಯೇಕವಾಗಿ ಬರಬಹುದು. ಬೇಡಿಕೆಗಳೆಲ್ಲ ಹಾಳಾಗಿ ಹೋಗಲಿ, ತಮ್ಮ ಅಸಲಿ ಅಂಟು ಒಂದು ಹನಿಯನ್ನಾದರೂ ಕೂಡಲೇ ಕಳಿಸಿಕೊಡಿ, ಅದು ಯಾವ ದೇಶದ್ದಾದರೂ ಸರಿ. ಸ್ಟಿಕ್ಕರಿನ ಒಂದು ಮೂಲೆ ಕೂದಲೆಳೆಯಷ್ಟು ಎದ್ದಿದೆ. ನಾನು ಕೈ ಹಚ್ಚಿಲ್ಲ.