ಡಾಕ್ಟರಿಗೂ ಬಾರದ ಗಂಟು

ನಮ್ಮ ದೊಡ್ಡಮ್ಮ ಮಾನಸಿಕ ಆಸ್ಪತ್ರೆಗೆ ಸೇರಿದ್ದು ರೋಗಿಯಾಗಿ. ಹೊರಗೆ ಬರುವಷ್ಟರಲ್ಲಿ ಅಲ್ಲಿನ ಡಾಕ್ಟರನ್ನೇ ತಮ್ಮ ನಿಗಾದಲ್ಲಿ ಇಟ್ಟುಕೊಂಡಿದ್ದರು! ನಂಬುವುದಿಲ್ಲವೇ? ನಮ್ಮೂರು ಇನ್ನಂಜೆಗೆ ಬಂದು ಕೇಳಿ. ಅವರು ಕಟ್ಟಿದ ಮಲ್ಲಿಗೆ ಮುಡಿದವರು ಇವತ್ತಿಗೂ ಸಿಗುತ್ತಾರೆ. ಅವರಿಂದ ಬೈಸಿಕೊಳ್ಳದವರು ಮಾತ್ರ ಸಿಗುವುದಿಲ್ಲ.

ಈಗ ದೊಡ್ಡಮ್ಮ ಇಲ್ಲ. ಆದರೂ ಕಾಪು ಪೇಟೆಯಲ್ಲಿ ಹೂ ಕೊಳ್ಳುವಾಗ ನನ್ನ ಕೈ ತಾನಾಗಿ ಗಂಟನ್ನು ಎಳೆದು ಪರೀಕ್ಷಿಸುತ್ತದೆ. ಹೂವಿನವಳು ಗುರಾಯಿಸುತ್ತಾಳೆ. ಇದು ಅವರು ನನಗೆ ಬಿಟ್ಟುಹೋದ ಆಸ್ತಿ.

ನಮ್ಮಲ್ಲಿ ಮೊಗ್ಗನ್ನು ಬೆಳಗಾಗುವ ಮೊದಲೇ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಬಿಸಿಲೇರುವುದರೊಳಗೆ ಪೇಟೆಗೆ ಕಳುಹಿಸಬೇಕು. ಆ ಅವಸರ ದೊಡ್ಡಮ್ಮನ ಮೈಗೇ ಹತ್ತಿಬಿಟ್ಟಿತ್ತು. ಕಟ್ಟಲು ಹೂ ಮುಗಿದರೆ ನುಗ್ಗೆಕಾಯಿ, ಅದೂ ಮುಗಿದರೆ ನನ್ನ ಪೆನ್ಸಿಲುಗಳು! ಒಮ್ಮೆ ಶಾಲೆಯಲ್ಲಿ ನನ್ನ ಚೀಲದಿಂದ ಪೆನ್ಸಿಲಿನ ಮಾಲೆ ಹೊರಬಂತು. ಬಿಚ್ಚಲು ಹೋದ ಮೇಷ್ಟ್ರು ಸೋತು ಕತ್ತರಿ ತರಿಸಿದರು.

ಅಂಥ ದೊಡ್ಡಮ್ಮ ಒಂದು ಬೆಳಿಗ್ಗೆ ಮೊಗ್ಗಿನ ರಾಶಿಯ ಮುಂದೆ ಸುಮ್ಮನೆ ಕೂತುಬಿಟ್ಟರು. ಸಂಜೆಯ ಹೊತ್ತಿಗೆ ಮೊಗ್ಗೆಲ್ಲ ಅವರೆದುರೇ ಬಿರಿಯಿತು. ಆಮೇಲೆ ಊಟ ಬಿಟ್ಟರು, ಮಾತು ಬಿಟ್ಟರು. ಅಮ್ಮ ಕೈ ಹಿಡಿದುಕೊಂಡಾಗ, "ಈ ಕೈ ನನ್ನದಲ್ಲ" ಎಂದರು, ಅಷ್ಟೇ. ಉಡುಪಿಯ ಆಸ್ಪತ್ರೆಗೆ ಸೇರಿಸಿದೆವು. ನಮ್ಮ ದೊಡ್ಡಮ್ಮ ನಮಗೆ ಮತ್ತೆ ಸಿಗುತ್ತಾರೋ ಇಲ್ಲವೋ ಎಂದು ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಅಲ್ಲಿ ಮಾತ್ರೆಯ ಜೊತೆಗೆ, ಕೈಗೆ ಕೆಲಸ ಕೊಟ್ಟು ಗುಣಪಡಿಸುವ ಆಕ್ಯುಪೇಷನಲ್ ಥೆರಪಿ ಎಂಬುದೊಂದಿತ್ತು. ಉದ್ದನೆಯ ಕೋಣೆಯಲ್ಲಿ ರೋಗಿಗಳು ಬುಟ್ಟಿ ಹೆಣೆಯುತ್ತ, ಕಾಗದದ ಚೀಲ ಅಂಟಿಸುತ್ತ ಕೂತಿರುತ್ತಿದ್ದರು. ಕಾರ್ಕಳದ ಕಡೆಯ ಥೆರಪಿಸ್ಟ್ ಹುಡುಗಿ ಒಂದೊಂದೇ ಕೆಲಸ ಕೊಟ್ಟು ನೋಡಿದಳು. ದೊಡ್ಡಮ್ಮನ ಕೈ ಮಡಿಲಿನಿಂದ ಏಳಲಿಲ್ಲ. ಕೊನೆಗೆ, ಅಲ್ಲಿಯೇ ಚಿಕಿತ್ಸೆಗಿದ್ದು ಬಲೆ ಹೆಣೆಯುತ್ತಿದ್ದ ಉದ್ಯಾವರದ ಮೀನುಗಾರರೊಬ್ಬರ ಪಕ್ಕದಲ್ಲಿ ಕೂರಿಸಿದಳು. ದೊಡ್ಡಮ್ಮ ದಿನಗಟ್ಟಲೆ ಆ ಗಂಟುಗಳನ್ನು ನೋಡಿದರು. ಒಂದು ದಿನ ತಡೆಯಲಾಗಲಿಲ್ಲ.

"ಇದು ಎಂತ ಗಂಟು? ಸಡಿಲ ಉಂಟಲ್ಲ."

"ನೀರಿಗೆ ಬಿದ್ದ ಮೇಲೆ ಬಿಗಿಯುತ್ತದೆ ಅಕ್ಕ," ಎಂದರು ಮೀನುಗಾರರು.

"ಹೂವಿಗೆ ಅಷ್ಟು ಪುರುಸೊತ್ತು ಇಲ್ಲ ಮಾರಾಯ."

ಥೆರಪಿಸ್ಟಿಗೆ ಇಷ್ಟೇ ಸಾಕಾಯಿತು. ಮರುದಿನ ಮೊಗ್ಗು ತರಿಸಿದಳು. ಜೊತೆಗೆ ಕಟ್ಟಲು ಒಂದು ನೂಲಿನ ಉಂಡೆ! ನಮ್ಮ ಮಲ್ಲಿಗೆಯನ್ನು ನೂಲಿನಲ್ಲಿ ಕಟ್ಟುವುದೇ? ದೊಡ್ಡಮ್ಮ ಉಂಡೆಯನ್ನು ಬದಿಗೆ ತಳ್ಳಿ ಎದ್ದೇಬಿಟ್ಟರು. ಆಸ್ಪತ್ರೆಯ ಅಂಗಳದ ಬಾಳೆಯಿಂದ ಒಣಪಟ್ಟೆ ಸುಲಿದು, ನಾರಾಗಿ ಸೀಳಿ, ನೀರು ಚಿಮುಕಿಸಿಕೊಂಡು ಕೂತರು. ಮೊದಲ ಗಂಟು ಜಾರಿತು. ಬಿಚ್ಚಿದರು, ಮತ್ತೆ ಕಟ್ಟಿದರು.

ಆಮೇಲೆ ಆ ಕೋಣೆ ಅವರದೇ. ಕಾಗದದ ಚೀಲಕ್ಕೆ ಅಂಟು ಬಳಿಯುವುದು ಮೋಸದ ಕೆಲಸ ಎಂದು ಅವನ್ನೂ ನಾರಿನಲ್ಲೇ ಕಟ್ಟಿಸಿದರು. ಬಾಳೆಗಿಡಗಳ ಮೈಮೇಲೆ ಬಟ್ಟೆಯೇ ಉಳಿದಿಲ್ಲ ಎಂದು ತೋಟದವನು ದೂರು ಕೊಟ್ಟ. ರೌಂಡ್ಸಿಗೆ ಬಂದ ಡಾಕ್ಟರ ಕೈಗೂ ಒಂದು ನಾರು ಬಂತು. ಪಾಪ, ಅವರು ಬೂಟಿನ ಲೇಸಿಗೆ ಹಾಕುವ ಗಂಟು ಹಾಕಿದರು! ದೊಡ್ಡಮ್ಮ ಅದನ್ನು ತಿರುಗಿಸಿ ನೋಡಿ ಥೆರಪಿಸ್ಟಿಗೆ ಮೆಲ್ಲಗೆ ಹೇಳಿದರಂತೆ: "ಇವರನ್ನು ಇಷ್ಟು ಬೇಗ ಮನೆಗೆ ಕಳಿಸಬೇಡಿ."

ದೊಡ್ಡಮ್ಮನನ್ನು ಮನೆಗೆ ಕಳಿಸುವ ದಿನ, ಮೊಗ್ಗು ಇಲ್ಲದೆ ಕಾರು ಹತ್ತುವುದಿಲ್ಲ ಎಂದು ಹಟ ಹಿಡಿದರು. ತಂದುಕೊಟ್ಟೆ. ದಾರಿಯುದ್ದಕ್ಕೂ ಕಟ್ಟುತ್ತಲೇ ಬಂದರು. ಉದ್ಯಾವರದ ಸೇತುವೆಯ ಮೇಲೆ ಮಾತ್ರ ತಲೆಯೆತ್ತಿ ಹೊಳೆ ನೋಡಿದರು. ಆ ಮೀನುಗಾರರು ಇನ್ನೂ ಆಸ್ಪತ್ರೆಯಲ್ಲೇ ಇದ್ದರು. ಅವರೂ ಬೇಗ ಮನೆ ಸೇರಲಿ, ಗಂಟು ಸಡಿಲವಾದರೂ ಮನುಷ್ಯ ಒಳ್ಳೆಯವನು ಎಂದರು ದೊಡ್ಡಮ್ಮ.

ಮನೆ ಬಂತು. ಕಾರು ನಿಂತರೂ ದೊಡ್ಡಮ್ಮ ಇಳಿಯಲಿಲ್ಲ. ಕಟ್ಟಿದ ಮಾಲೆಯನ್ನು ನನ್ನ ಮಡಿಲಿಗೆ ಹಾಕಿ, ಎರಡೂ ಕೈಗಳನ್ನು ಮುಂದೆ ಚಾಚಿ, ಮಗುಚಿ ಮಗುಚಿ ನೋಡಿಕೊಂಡರು.

"ನನ್ನದೇ," ಎಂದರು.