ನನ್ನ ತುರಿಕೆಯ ಮೌಲ್ಯಮಾಪನ

ಮನುಷ್ಯನ ಮರ್ಯಾದೆ ಇರುವುದು ಅವನ ಚರ್ಮದ ಕೈಯಲ್ಲಿ ಎಂಬುದು ನನಗೆ ಐವತ್ತು ದಾಟಿದ ಮೇಲೆ ತಿಳಿಯಿತು. ಎರಡು ವರ್ಷದಿಂದ ನನಗೆ ಪಿತ್ತದ ಗಂದೆ. ಹೊಸನಗರದ ಹತ್ತಿರದ ಶಾಲೆಯೊಂದರಲ್ಲಿ ನಾನು ಗಣಿತ ಮೇಷ್ಟ್ರು. ಭಿನ್ನರಾಶಿ ಹೇಳಿಕೊಡುತ್ತ ಬೋರ್ಡಿಗೆ ಬೆನ್ನು ತಿಕ್ಕುವ ಮೇಷ್ಟ್ರಿಗೆ ಎಷ್ಟು ಗೌರವ ಸಿಕ್ಕೀತು, ನೀವೇ ಹೇಳಿ. ಬೆಳಿಗ್ಗೆ ತೋಳಿನ ತುಂಬ ಕೆಂಪನೆ ದದ್ದು; ಮಧ್ಯಾಹ್ನ ಯಾರಿಗಾದರೂ ತೋರಿಸೋಣವೆಂದರೆ ಮಾಯ; ಅವರು ಅತ್ತ ಹೋದ ಕೂಡಲೇ ಸೊಂಟದಲ್ಲಿ ಹಾಜರು. ನನ್ನ ಏಳನೇ ತರಗತಿಯ ಮಕ್ಕಳೂ ಹೀಗೆಯೇ, ಬೇಕಾದಾಗ ಸಿಕ್ಕುವುದಿಲ್ಲ.

ಇದಕ್ಕೆ ಔಷಧಿ ಹೇಳದವರು ನಮ್ಮ ತಾಲ್ಲೂಕಿನಲ್ಲಿ ಯಾರೂ ಉಳಿದಿಲ್ಲ. ಒಬ್ಬರು ಮುರುಗಲು ಸಿಪ್ಪೆ ನೆನೆಸಿದ ನೀರು ಕುಡಿಯಿರಿ ಎಂದರು, ಇನ್ನೊಬ್ಬರು ಕಂಬಳಿಯಿಂದ ಮೈ ಉಜ್ಜಿ ಎಂದರು. ಕುಡಿದೆ, ಉಜ್ಜಿದೆ. ಕಂಬಳಿಯ ತುರಿಕೆಯ ಮುಂದೆ ಗಂದೆಯ ತುರಿಕೆ ಮರೆತೇ ಹೋಗುತ್ತದೆ. ಆ ಔಷಧಿಯ ಗುಟ್ಟು ಅದೇ ಇರಬೇಕು. ಊರಿನ ಡಾಕ್ಟರು ಕೊಟ್ಟ ಮಾತ್ರೆಯೂ ದಿನಕ್ಕೊಂದು ನಡೆದಿತ್ತು. ಕೊನೆಗೆ ನನ್ನ ಹೆಂಡತಿ ಸುಮಿತ್ರಾ ನನ್ನನ್ನು ಸಾಗರದ ಚರ್ಮದ ಡಾಕ್ಟರ ಬಳಿಗೆ ಎಳೆದುಕೊಂಡು ಹೋದಳು. ಅವಳ ಅವಸರಕ್ಕೆ ಕಾರಣವಿತ್ತು. ಒಂದೂವರೆ ತಿಂಗಳಲ್ಲಿ ತೀರ್ಥಹಳ್ಳಿಯಲ್ಲಿ ಅವಳ ತಮ್ಮನ ಮನೆಯ ಗೃಹಪ್ರವೇಶ. ಎರಡು ವರ್ಷದಿಂದ ನಾನು ಯಾರ ಮದುವೆಗೂ, ಯಾರ ನಾಮಕರಣಕ್ಕೂ ಹೋದವನಲ್ಲ. ಊಟದ ಪಂಕ್ತಿಯಲ್ಲಿ ಕೂತಾಗ ಗಂದೆ ಎದ್ದು ತುಟಿ ಊದಿಕೊಂಡರೆ ಎಂಬ ಭಯ.

“ಈ ಸಲನೂ ನಾನೊಬ್ಬಳೇ ಹೋದ್ರೆ ತಮ್ಮ ಎಂಥ ತಿಳ್ಕೊಳ್ತಾನೆ ಮಾರಾಯ್ರೆ?” ಎಂದವಳ ಕಣ್ಣು ತುಂಬಿತ್ತು.

ಡಾಕ್ಟರಮ್ಮ ರಕ್ತ ತೆಗೆಸಿದರು. ವರದಿ ಬರುವಷ್ಟರಲ್ಲಿ ತುಂಬಲು ಒಂದು ಹಾಳೆ ಕೊಟ್ಟು, ಎರಡನ್ನೂ ನೋಡಿ ಮಾತ್ರೆ ಹೆಚ್ಚಿಸಬೇಕೋ ಬೇಡವೋ ಹೇಳುತ್ತೇನೆ ಎಂದರು. ನೋಡಿದರೆ ಅದು ಪ್ರಶ್ನೆಪತ್ರಿಕೆ! ತುರಿಕೆಯಿಂದ ನಿದ್ದೆ ಕೆಡುತ್ತದೆಯೇ? ಬಟ್ಟೆ ಹಾಕಿಕೊಳ್ಳಲು ಕಷ್ಟವೇ? ಜನರೊಡನೆ ಬೆರೆಯಲು ಹಿಂಜರಿಕೆಯೇ? ತೊಂದರೆ ಇಲ್ಲದಿದ್ದರೆ ಸೊನ್ನೆ, ವಿಪರೀತವಿದ್ದರೆ ನಾಲ್ಕು.

ಇಲ್ಲಿ ನಮ್ಮ ಕಡೆಯವರ ಒಂದು ದುರಭ್ಯಾಸ ಹೇಳಬೇಕು. ಹೇಗಿದ್ದೀರಿ ಎಂದು ಯಾರೇ ಕೇಳಲಿ, ನಾವು “ಅಡ್ಡಿಲ್ಲ” ಎನ್ನುತ್ತೇವೆ. ಕಾಲು ಮುರಿದು ಮಲಗಿದ್ದರೂ ಅಡ್ಡಿಲ್ಲ. ನಮ್ಮ ದೊಡ್ಡಪ್ಪ ಐಸಿಯುವಿನಲ್ಲಿ ಮೂಗಿಗೆ ನಳಿಗೆ ಹಾಕಿಸಿಕೊಂಡೇ, ಅಡ್ಡಿಲ್ಲವೆಂದು ಕೈಯಾಡಿಸಿದ್ದರು. ಪರರೆದುರು ನೋವು ಬಿಚ್ಚುವುದೆಂದರೆ ನಮಗೆ ಪಂಚೆ ಬಿಚ್ಚಿದ ಹಾಗೆ. ಅದರಲ್ಲೂ ಡಾಕ್ಟರಮ್ಮನದು ನನ್ನ ಮಗಳ ವಯಸ್ಸು. ಎಲ್ಲ ಪ್ರಶ್ನೆಗೂ ಸೊನ್ನೆ ಬರೆದು, ಕೆಳಗೆ ಗೆರೆ ಎಳೆದು ಸಹಿ ಮಾಡಿದೆ.

“ಸರ್, ನಿಮ್ಮ ಸಿಆರ್‌ಪಿ ಜಾಸ್ತಿ ಇದೆ” ಎಂದರು ಡಾಕ್ಟರಮ್ಮ, ವರದಿ ನೋಡಿ. ನಮ್ಮ ಇಲಾಖೆಯಲ್ಲಿ ಸಿಆರ್‌ಪಿ ಎಂದರೆ ಹೇಳದೆ ಕೇಳದೆ ಶಾಲೆಗೆ ಬಂದು ಪಾಠ ನೋಡುವವರು, ಒಬ್ಬರೇ ಸಾಕಾಗುತ್ತಾರೆ. ಇದು ರಕ್ತದಲ್ಲಿರುವಂಥದ್ದು, ಮೈಯೊಳಗಿನ ಉರಿಯೂತವನ್ನು ತೋರಿಸುತ್ತದೆ ಎಂದು ಅವರು ಬಿಡಿಸಿ ಹೇಳಿದರು. “ರಕ್ತ ನೋಡಿದ್ರೆ ಉರಿಯೂತ ಇದೆ ಅಂತಿದೆ. ನೀವು ನೋಡಿದ್ರೆ ಎಲ್ಲಾ ಸೊನ್ನೆ. ತೊಂದರೆನೇ ಇಲ್ಲ ಅಂದ್ರೆ ಸದ್ಯಕ್ಕೆ ಮಾತ್ರೆ ಇಷ್ಟೇ ಇರಲಿ.”

ನಾನು ಪಾಸಾದ ಹುಡುಗನ ಹಾಗೆ ಎದ್ದುನಿಂತೆ.

“ಕೂತ್ಕಳಿ” ಎಂದಳು ಸುಮಿತ್ರಾ. ನನ್ನ ಕಿಸೆಯಿಂದ ಕೆಂಪು ಪೆನ್ನು ಎಳೆದು ನನ್ನ ಉತ್ತರಪತ್ರಿಕೆ ತಿದ್ದತೊಡಗಿದಳು. “ನಿದ್ದೆ? ಇವ್ರು ಬೆನ್ನು ತಿಕ್ಕಿ ತಿಕ್ಕಿ ಬಾಗಿಲ ದಾರಂದದ ಬಣ್ಣ ಹೋಗಿದೆ ಡಾಕ್ಟ್ರೇ. ನಾಲ್ಕು. ಬಟ್ಟೆ? ಬೆಲ್ಟ್ ಬಿಟ್ಟು ಪ್ಯಾಂಟಿಗೆ ಲಾಡಿ ಹೊಲ್ಸಿಕೊಂಡಿದ್ದಾರೆ. ಮೂರು. ಜನ? ನೆಂಟ್ರು ಬಂದ್ರೆ ಹಿತ್ತಿಲಿಗೆ ಓಡ್ತಾರೆ. ನಾಲ್ಕು.”

“ಎಂಥ ಸಾವು ಮಾರಾಯ್ತಿ, ಮರ್ಯಾದೆ ತೆಗೀಬೇಡ” ಎಂದೆ.

“ಸಿಟ್ಟು? ಉಪ್ಪಿಟ್ಟಿಗೆ ಕರಿಬೇವು ಹೆಚ್ಚಾಯ್ತು ಅಂತ ಮೂರು ದಿನ ಮಾತು ಬಿಟ್ಟಿದ್ರು. ಇದ್ರಲ್ಲಿ ಐದು ಇಲ್ವಾ ಡಾಕ್ಟ್ರೇ?”

ಡಾಕ್ಟರಮ್ಮ ನಕ್ಕು ಮಾತ್ರೆ ಹೆಚ್ಚಿಸಿದರು. ಗೃಹಪ್ರವೇಶದ ದಿನ ಮೊಣಕೈಯಲ್ಲೊಂದು ದದ್ದು ಬಿಟ್ಟರೆ ಮೈಯೆಲ್ಲ ತಣ್ಣಗಿತ್ತು. ಪಂಕ್ತಿಯಲ್ಲಿ ಭಾವಮೈದುನನ ಪಕ್ಕವೇ ಕೂತು ಮೂರು ಹೋಳಿಗೆ ತಿಂದೆ. ಸುಮಿತ್ರಾ ದೂರದಿಂದ ನನ್ನ ತುಟಿಯನ್ನೇ ನೋಡುತ್ತಿದ್ದಳು, ಆಮೇಲೆ ನಕ್ಕಳು. ಆ ನಗುವಿಗೆ ಇನ್ನೂ ಎರಡು ಹೋಳಿಗೆ ಹಾಕಿಸಿಕೊಂಡೆ.

ಊಟವಾದ ಮೇಲೆ ಭಾವಮೈದುನ ಮಹಡಿ ತೋರಿಸಲು ಕರೆದ. ಸುಮಿತ್ರಾ ಗೋಡೆ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಊರಿ ನಿಂತು ನಿಂತು ಹತ್ತುತ್ತಿದ್ದಳು.

“ಏನಕ್ಕ, ಮಂಡಿ ನೋವಾ?” ಎಂದ ಅವನು.

“ಅಡ್ಡಿಲ್ಲ ಕಣೋ” ಎಂದಳು.

ತಿದ್ದಿಬಿಡೋಣವೆಂದು ನನ್ನ ಕೈ ಕಿಸೆಯ ಕೆಂಪು ಪೆನ್ನಿಗೆ ಹೋಯಿತು. ಆದರೆ ನೋವು ಯಾವ ಕಾಲಿಗೆ, ಎಷ್ಟು ದಿನದಿಂದ? ನನ್ನ ಒಂದೊಂದು ಗಂದೆಯ ಚರಿತ್ರೆಯನ್ನೂ ಬಲ್ಲವಳ ಪತ್ರಿಕೆಯನ್ನು ನಾನು ಇದುವರೆಗೆ ತೆರೆದೇ ನೋಡಿರಲಿಲ್ಲ. ಪೆನ್ನು ಬಿಟ್ಟು, ಎರಡು ಮೆಟ್ಟಿಲು ಇಳಿದು ಅವಳ ಕೈ ಹಿಡಿದೆ.