ಹತ್ತು ಉಸಿರಿನ ಶಿವನಾಮ

ಚಿತ್ರದುರ್ಗದ ಮಕ್ಕಳ ವಾರ್ಡಿನಲ್ಲಿ ನಾನು ನರ್ಸು. ಪುಟ್ಟ ಮೂಗಿಗೆ ಮಾಸ್ಕ್ ಹಿಡಿಯುವ ಕೆಲಸದಲ್ಲಿ ಶಿವ ನನ್ನನ್ನು ನಗಿಸದ ವಾರವಿಲ್ಲ. ಬಾಗೂರಿನ ಒಂದು ಕೂಸಿನದಷ್ಟೇ ಹೇಳುತ್ತೇನೆ. ಎರಡು ವರ್ಷದ್ದು, ಉಬ್ಬಸ ಬಂದು ಎರಡು ಸಲ ಅಡ್ಮಿಟ್ ಆಗಿತ್ತು. ದಿನಾ ಎರಡು ಹೊತ್ತು ಉಸಿರಿನಲ್ಲಿ ಎಳೆದುಕೊಳ್ಳುವ ಔಷಧಿಯ ಪಂಪ್ ಸರಿಯಾಗಿ ಕೊಟ್ಟರೆ ಮತ್ತೆ ಆ ಪಾಡು ಬರಲಿಕ್ಕಿಲ್ಲ ಅಂದಿದ್ದರು ಡಾಕ್ಟರು. ಪಂಪನ್ನು ಬಾಟಲಿಯಂಥ ಕೊಳವೆಗೆ ಸಿಕ್ಕಿಸಿ, ಇನ್ನೊಂದು ತುದಿಯ ಮಾಸ್ಕನ್ನು ಮುಖಕ್ಕೆ ಹಿಡಿದು, ಒಮ್ಮೆ ಅದುಮಿ, ಹತ್ತು ಉಸಿರು ಕಾಯಬೇಕು. ಇಷ್ಟೇ ಕೆಲಸ. ಕೂಸು ಒಪ್ಪಬೇಕಲ್ಲ.

ತಾಯಿಯ ಪಥ್ಯ

ಎರಡು ವಾರ ಬಿಟ್ಟು ತಾಯಿ, ಅಜ್ಜಿ ಕೂಸನ್ನು ಕರೆತಂದರು. ಕೂಸಿನ ಎದೆ ಇನ್ನೂ ಸುಂಯ್‌ಗುಡುತ್ತಿತ್ತು.

"ಪಂಪ್ ಕೊಡ್ತಿದೀಯೇನಮ್ಮ?"

"ಒಂದಿನಾನೂ ತಪ್ಸಿಲ್ಲ ಸಿಸ್ಟರ್."

"ಹೆಂಗೆ ಕೊಡ್ತೀಯ, ತೋರ್ಸು."

ತಾಯಿ ಮಾಸ್ಕನ್ನು ತನ್ನ ಮುಖಕ್ಕೇ ಇಟ್ಟುಕೊಂಡು ಹತ್ತು ಉಸಿರು ಎಳೆದಳು. ಕೂಸು ತೊಡೆ ಮೇಲೆ ಕೂತು ನೋಡುತ್ತಿತ್ತು.

"ನೀನ್ಯಾಕೆ ತಗಂತೀಯ?"

ಉತ್ತರ ಕೊಟ್ಟವರು ಪಕ್ಕದಲ್ಲಿದ್ದ ಅಜ್ಜಿ. "ಮಾಸ್ಕ್ ಕಂಡ್ರೆ ಕೂಸು ಚೀರ್ತೈತೆ. ಇನ್ನೂ ಹಾಲು ಬಿಟ್ಟಿಲ್ಲ. ಅದಕ್ಕೆ ಶೀತ ಆದ್ರೆ ಇವ್ಳು ಮಜ್ಜಿಗೆ ಬಿಡ್ತಾಳೆ, ಬಾಳೆಹಣ್ಣು ಬಿಡ್ತಾಳೆ. ಔಷಧಿನೂ ಹಾಲಿನಾಗೆ ಇಳಿಯಲ್ವೇನ್ರಿ?"

ಪಾಪ, ಅಷ್ಟು ಪಥ್ಯ ಹಿಡಿದ ತಾಯಿಯನ್ನು ಬೈಯಲು ಬಾಯಿ ಬರಲಿಲ್ಲ.

"ನಿನ್ನ ಉಸಿರು ಬಹಳ ಚೆನ್ನಾಗೈತಮ್ಮ" ಅಂದೆ. "ಈಗ ಕೂಸಿಂದು ನೋಡಾಣ."

ಮೂರು ಪಟ್ಟೆ

ಮುಂದಿನ ಸಲಕ್ಕೆ ಮಾಸ್ಕ್ ಕೂಸಿನ ಮುಖಕ್ಕೇ ಬಂದಿತ್ತು. ಆದರೆ ಹಿಡಿದಾಗಲೆಲ್ಲ ಸೀನುತ್ತಂತೆ. ತೆಗೆದು ನೋಡಿದರೆ ಕೊಳವೆಯ ಮೇಲೆ ಮೂರು ಪಟ್ಟೆ ವಿಭೂತಿ, ಮಾಸ್ಕಿನ ಒಳಗೂ ಮೂರು ಪಟ್ಟೆ.

"ದೇವ್ರ ಕೋಣೆಯಾಗೇ ಇಟ್ಟೀನ್ರಿ" ಅಂದರು ಅಜ್ಜಿ.

ನನ್ನ ಹಣೆಯಲ್ಲೂ ಅದೇ ವಿಭೂತಿ. ಬೇಡ ಅನ್ನುವುದು ಹೇಗೆ?

"ವಿಭೂತಿ ಕೂಸಿನ ಹಣೆಗೆ ಇರ್ಲಿ ಅಜ್ಜಿ. ಪುಡಿ ಮೂಗಿಗೆ ಹೋದ್ರೆ ಉಬ್ಬಸ ಜಾಸ್ತಿ ಆಗ್ತೈತೆ. ಇದನ್ನ ತೊಳೆದು ಒಣಗಿಸ್ರಿ."

ಅಜ್ಜಿ ಕೊಳವೆಯನ್ನು ಸೆರಗಿನಲ್ಲಿ ಸುತ್ತಿಕೊಂಡರು. "ತೊಳೆದ ನೀರು ತುಳಿಯೋ ಜಾಗಕ್ಕೆ ಚೆಲ್ಲಂಗಿಲ್ಲ. ದಾಸವಾಳದ ಗಿಡಕ್ಕೆ ಹಾಕ್ತೀನಿ. ಅದಕ್ಕಂತೂ ಉಬ್ಬಸ ಬರಲ್ಲ ಬಿಡ್ರಿ."

ಹರಕೆ

ಅಳು ಮಾತ್ರ ನಿಲ್ಲಲಿಲ್ಲ. ಅಳುವ ಕೂಸಿನ ಎದೆಗೆ ಔಷಧಿ ಸರಿಯಾಗಿ ಇಳಿಯುವುದಿಲ್ಲ. ಒಂದಿನ ನಾನೇ ತೊಡೆ ಮೇಲೆ ಕೂರಿಸಿಕೊಂಡು, ಉಸಿರಿಗೊಂದರಂತೆ "ಓಂ ನಮಃ ಶಿವಾಯ" ಅಂತ ಮೆಲ್ಲಗೆ ರಾಗ ಎಳೆದೆ. ಮೂರನೆಯದಕ್ಕೆ ಅಳು ನಿಂತಿತು. ಹತ್ತಾದ ಮೇಲೆ ನೀರು ಕೊಟ್ಟು, ಬಾಯಿ ಮುಕ್ಕಳಿಸಿ ಉಗುಳುವುದನ್ನೂ ಕಲಿಸಿದೆ. ಇದು ಔಷಧಿ ಬಾಯಲ್ಲಿ ಉಳಿಯದಿರಲಿ ಅಂತ. ಮನೆಯಲ್ಲೂ ಹೀಗೇ ನಡೆಯಿತು.

ಈ ಸಲದ ಚಳಿಗಾಲ ಆಸ್ಪತ್ರೆಗೆ ಸೇರದೆ ಕಳೆದರೆ ಅಭಿಷೇಕ ಮಾಡಿಸುತ್ತೇನೆಂದು ಅಜ್ಜಿ ಹರಕೆ ಹೊತ್ತಿದ್ದರು. ಕಳೆಯಿತು. "ನೀವೂ ಬರ್ರಿ ಸಿಸ್ಟರ್" ಅಂದರು, ಊರಿನ ಶಿವನ ಗುಡಿಗೆ ಹೋದೆ.

ಪೂಜಾರಿ "ಓಂ ನಮಃ ಶಿವಾಯ" ಶುರು ಮಾಡಿದ್ದೇ ತಡ, ಕೂಸು ಅವರ ಮುಂದೆ ಹೋಗಿ ಗಲ್ಲ ಎತ್ತಿ ನಿಂತಿತು. ಒಂದೊಂದು ನಾಮಕ್ಕೂ ಎದೆ ತುಂಬ ಒಂದೊಂದು ಉಸಿರು, ಎಲ್ಲೂ ಸುಂಯ್ ಇಲ್ಲ. ನನ್ನ ಕಣ್ಣು ತುಂಬಿತು. ಪೂಜಾರಿಗೂ ಭಕ್ತಿ ಕಂಡು ಸಂತೋಷವಾಗಿ, ಮೊದಲ ತೀರ್ಥ ಅದಕ್ಕೇ ಕೊಟ್ಟರು.

ಕೂಸು ತೀರ್ಥವನ್ನು ಚೆನ್ನಾಗಿ ಮುಕ್ಕಳಿಸಿ, ಅವರ ಪಾದದ ಮೇಲೆ ಉಗುಳಿತು.

ಅಜ್ಜಿ ಸೆರಗಿನಿಂದ ಒರೆಸಲು ಬಗ್ಗಿದರು. "ತಪ್ಪಾತು ಸ್ವಾಮಿ, ಕಲಿಸಿದ್ದು ಈ ಸಿಸ್ಟರ್ರು."

ಪೂಜಾರಿ ಕಾಲು ಹಿಂದೆ ಎಳೆಯಲಿಲ್ಲ. "ಇರ್ಲಿ ಬಿಡಜ್ಜಿ. ಇಷ್ಟು ವರ್ಷದಾಗೆ ನನಗೆ ಪಾದಪೂಜೆ ಮಾಡಿದೋರು ಇವರೊಬ್ರೇ."